ಜೋಡಿ ಹಳಿ ಬಂದಾವ, ಹಳೇ ರೂಢಿ ಬಿಡ್ರಿ

ಅಣ್ಣಿಗೇರಿ ಸುತ್ತಮುತ್ತ ಹಳಿ ದಾಟದೆ ಹೊಲ ಮುಟ್ಟಲಾಗದ ಮನೆತನಗಳು ಬಹಳ ಇವೆ. ನಮ್ಮದೂ ಅಂಥದ್ದೇ ಒಂದು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿಯವರು ಈ ಎರೆ ಭೂಮಿಯಲ್ಲಿ ಮೀಟರ್ ಗೇಜ್ ಹಳಿ ಹಾಸಿದಾಗಿನಿಂದ ನಮ್ಮ ಹಿರಿಯರು ಬುತ್ತಿ ಗಂಟು ಹೊತ್ತು, ಎತ್ತು ಹೊಡಕೊಂಡು ಅದನ್ನು ದಾಟುತ್ತಲೇ ಬಂದರು. ಆಗ ಇದ್ದದ್ದು ಒಂದೇ ಹಳಿ. ಉಗಿಬಂಡಿ ಬರುವುದು ಹೊಗೆಯಿಂದಲೇ ದೂರಕ್ಕೆ ಕಾಣುತ್ತಿತ್ತು. ಆಮೇಲೆ ಬಂದ ಡೀಸೆಲ್ ಎಂಜಿನ್ನು ನೆಲ ನಡುಗಿಸಿಕೊಂಡು ಬರುತ್ತಿತ್ತು. ಒಂದು ಗಾಡಿ ಹೋಯಿತೆಂದರೆ ಮತ್ತೊಂದು ಬರಲು ಬಹಳ ಹೊತ್ತು ಬೇಕು, ಇದು ನಮಗೆಲ್ಲ ಬಾಯಿಪಾಠವಾಗಿತ್ತು.

ತೊಂಬತ್ತರ ದಶಕದಲ್ಲಿ ಬ್ರಾಡ್‌ಗೇಜ್ ಆಯಿತು. ಆಮೇಲೆ ಹಳಿ ಜೋಡಿಯಾದವು, ತಲೆ ಮೇಲೆ ಕರೆಂಟಿನ ತಂತಿ ಬಂತು. ಗಾಡಿಗಳ ಸಂಖ್ಯೆ ಹೆಚ್ಚಾಯಿತು, ವೇಗ ಹೆಚ್ಚಾಯಿತು, ಸದ್ದು ಮಾತ್ರ ಕಡಿಮೆಯಾಯಿತು. ನಮ್ಮ ಕಾಲುಗಳು ಇನ್ನೂ ಆ ಹಳೇ ಒಂಟಿ ಹಳಿಯ ಲೆಕ್ಕದಲ್ಲೇ ನಡೆಯುತ್ತಿವೆ. ನನ್ನ ಚಿಂತೆ ಇದೊಂದೇ. ಊರಿನ ಹುಡುಗರಿಗೆ, ಸೊಸೆಯಂದಿರಿಗೆ, ಕುರಿ ಕಾಯುವವರಿಗೆ, ಟ್ರ್ಯಾಕ್ಟರ್ ಹೊಡೆಯುವವರಿಗೆ ಎದುರಿಗೆ ಸಿಕ್ಕಾಗಲೆಲ್ಲ ಹೇಳುವ ಮಾತುಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ.

• ಒಂದು ಗಾಡಿ ದಾಟಿತೆಂದು ಹಳಿ ಮೇಲೆ ಕಾಲಿಡಬೇಡಿ. ಜೋಡಿ ಹಳಿ ಬಂದ ಮೇಲಿನ ಮೊದಲನೆಯ ಪಾಠ ಇದು. ಗೋವಾ ಬಂದರಿನಿಂದ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಕಲ್ಲಿದ್ದಲು ಹೊತ್ತು ಹೋಗುವ ಗೂಡ್ಸ್ ನಮ್ಮ ಊರ ಮೇಲೇ ಹೋಗುತ್ತವೆ. ಐವತ್ತಕ್ಕೂ ಮಿಕ್ಕಿದ ಡಬ್ಬಿಗಳು, ಅರ್ಧ ಕಿಲೋಮೀಟರಿಗಿಂತ ಹೆಚ್ಚು ಉದ್ದ. ಅದು ದಾಟಲಿ ಎಂದು ಬಿಸಿಲಲ್ಲಿ ಕಾದು ಕಾದು ಬೇಸತ್ತವನು ಕೊನೆಯ ಡಬ್ಬಿ ಮುಂದೆ ಸರಿದದ್ದೇ ತಡ ದಡಬಡ ನುಗ್ಗುತ್ತಾನೆ. ಆಚೆ ಹಳಿಯಲ್ಲಿ ಎದುರು ದಿಕ್ಕಿನಿಂದ ಬರುವ ಗಾಡಿಯನ್ನು ಈ ಗೂಡ್ಸೇ ಮರೆಮಾಡಿರುತ್ತದೆ, ಅದರ ಸದ್ದನ್ನೂ ನುಂಗಿರುತ್ತದೆ. ಕೊನೆಯ ಡಬ್ಬಿ ಹೋಗಿ, ಎರಡೂ ಹಳಿ ಎರಡೂ ಕಡೆ ದೂರದವರೆಗೆ ಬಯಲಾಗಿ ಕಾಣುವ ತನಕ ನಿಂತಲ್ಲೇ ನಿಲ್ಲಿ. ‘ಈ ಹಳಿ ಹುಬ್ಬಳ್ಳಿ ಕಡೆಗೆ, ಆ ಹಳಿ ಗದಗ ಕಡೆಗೆ’ ಎಂಬ ಲೆಕ್ಕವನ್ನೂ ಪೂರ್ತಿ ನಂಬಬೇಡಿ. ದುರಸ್ತಿ ನಡೆದಾಗ ಒಂದೇ ಹಳಿಯಲ್ಲಿ ಎರಡೂ ಕಡೆಯ ಗಾಡಿ ಬಿಡುತ್ತಾರೆ.

• ಕಿವಿಯನ್ನು ನಂಬಿ ದಾಟುವ ಕಾಲ ಹೋಯಿತು. ಕರೆಂಟಿನ ಎಂಜಿನ್ನಿಗೆ ಡೀಸೆಲ್ಲಿನ ಅಬ್ಬರ ಇಲ್ಲ. ನಮ್ಮ ಬಯಲಿನಲ್ಲಿ ಗಾಳಿ ಬೇರೆ. ಪಡುವಣ ಗಾಳಿ ಬೀಸುವಾಗ ಗದಗ ಕಡೆಯಿಂದ ಬರುವ ಗಾಡಿಯ ಸದ್ದು ಹತ್ತಿರ ಬರುವ ತನಕ ಕೇಳುವುದೇ ಇಲ್ಲ. ಇಂಥದರಲ್ಲಿ ಹುಡುಗರು ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ಕಣ್ಣು ಮೊಬೈಲಿನಲ್ಲಿಟ್ಟು ದಾಟುತ್ತಾರೆ. ತಮ್ಮಾ, ಹಳಿ ಬರುವ ಮೊದಲೇ ಎರಡನ್ನೂ ಕಿಸೆಗೆ ಹಾಕು. ಆಚೆ ದಂಡೆ ಮುಟ್ಟಿದ ಮೇಲೆ ಬೇಕಾದಷ್ಟು ಹಾಡು ಕೇಳು.

• ‘ಇನ್ನೂ ದೂರ ಐತಿ’ ಅನ್ನುವ ಅಂದಾಜು ಮೋಸದ್ದು. ಎದುರಿನಿಂದ ನೇರವಾಗಿ ನಮ್ಮ ಕಡೆಗೇ ಬರುವ ಗಾಡಿ ಕಣ್ಣಿಗೆ ನಿಂತ ಹಾಗೆ ಕಾಣುತ್ತದೆ. ಗಂಟೆಗೆ 100 ಕಿಲೋಮೀಟರ್ ಓಡುವ ಗಾಡಿ ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಬರುತ್ತದೆ. 300 ಮೀಟರ್ ದೂರದಲ್ಲಿ ಕಂಡರೆ ನಿಮ್ಮ ಕೈಲಿರುವುದು ಹತ್ತು ಹನ್ನೊಂದು ಸೆಕೆಂಡು ಅಷ್ಟೇ. ಖಡಿ ಮೇಲೆ ಕಾಲು ಜಾರಿ, ಎರಡೂ ಹಳಿ ದಾಟಿ, ತಲೆ ಮೇಲಿನ ಹುಲ್ಲಿನ ಹೊರೆ ಸರಿಮಾಡಿಕೊಳ್ಳುವುದರೊಳಗೆ ಆ ಹೊತ್ತು ಮುಗಿದಿರುತ್ತದೆ. ಡ್ರೈವರ್ ನೋಡಿ ಬ್ರೇಕ್ ಹಾಕುತ್ತಾನೆ ಅಂದುಕೊಳ್ಳಬೇಡಿ. ಹಳಿಯಲ್ಲಿ ಅಡ್ಡಿ ಇದ್ದರೆ ಗಾಡಿ ನಿಲ್ಲಿಸಲು ರೈಲ್ವೆ ನೌಕರರು 1200 ಮೀಟರ್ ದೂರದವರೆಗೂ ಓಡಿಹೋಗಿ ಹಳಿ ಮೇಲೆ ಸಿಡಿಯುವ ಪಟಾಕಿ ಇಡಬೇಕೆಂಬ ನಿಯಮ ಅವರಲ್ಲಿದೆ. ಅಷ್ಟು ದೂರದಿಂದಲೇ ಗೊತ್ತಾದರೆ ಮಾತ್ರ ಗಾಡಿ ಸುರಕ್ಷಿತವಾಗಿ ನಿಂತೀತು. ನಿಮ್ಮನ್ನು ನೋಡಿದ ಮೇಲೆ ಡ್ರೈವರ್ ಮಾಡಬಹುದಾದದ್ದು ಹಾರ್ನ್ ಒತ್ತುವುದೊಂದೇ.

• ಮುಚ್ಚಿದ ಗೇಟಿನ ಕೆಳಗೆ ಬೈಕು ಮಲಗಿಸಿ ನುಸುಳಬೇಡಿ. ದೇಶದ ಬ್ರಾಡ್‌ಗೇಜ್ ಹಳಿಗಳಲ್ಲಿ ಕಾವಲಿಲ್ಲದ ಗೇಟು ಒಂದೂ ಉಳಿಯದಂತೆ 2019ರ ಜನವರಿ ಹೊತ್ತಿಗೆ ತೆಗೆದುಹಾಕಿದರು. ಅದರಿಂದ ಎಷ್ಟೋ ಜೀವ ಉಳಿದವು. ಆದರೆ ಕಾವಲಿರುವ ಗೇಟಿನ ಕೆಳಗೆ ನುಸುಳುವವನನ್ನು ಯಾವ ಯೋಜನೆ ಉಳಿಸೀತು? ಇನ್ನೊಂದು ತಿಳಿದಿರಲಿ. ಹೆಚ್ಚಿನ ಗೇಟುಗಳಲ್ಲಿ ಗೇಟು ಪೂರ್ತಿ ಮುಚ್ಚಿ ಬೀಗ ಬೀಳುವ ತನಕ ಗಾಡಿಗೆ ಹಸಿರು ಸಿಗ್ನಲ್ಲೇ ಬೀಳದಂತೆ ಜೋಡಿಸಿರುತ್ತಾರೆ. ಅದಕ್ಕೇ ಗಾಡಿ ಕಾಣುವ ಎಷ್ಟೋ ಮುಂಚೆ ಗೇಟು ಬೀಳುತ್ತದೆ. ‘ಇನ್ನೂ ಗಾಡೀನ ಇಲ್ಲ, ತಗೀಪಾ’ ಎಂದು ಗೇಟ್‌ಮನ್ ಜೊತೆ ಜಗಳ ತೆಗೆಯುವವರು ಇದನ್ನು ಅರಿಯಬೇಕು. ಮುಚ್ಚಿದ ಗೇಟನ್ನು ತಾನೇ ತೆಗೆದವನಿಗೆ ಮೂರು ವರ್ಷದವರೆಗೆ, ಮುರಿದವನಿಗೆ ಐದು ವರ್ಷದವರೆಗೆ ಜೈಲು ಎಂದು 1989ರ ರೈಲ್ವೆ ಕಾಯ್ದೆ ಹೇಳುತ್ತದೆ. ನಿಮ್ಮ ಟ್ರ್ಯಾಕ್ಟರೋ ಬೈಕೋ ಬಡಿದು ಗೇಟು ಮುರಿದರೆ ಓಡಿಹೋಗದೆ ಆ ಕ್ಷಣವೇ ಗೇಟ್‌ಮನ್‌ಗೆ ತಿಳಿಸಿ. ಗೇಟಿನ ಹತ್ತಿರದ ಒಂದು ದೋಷ ಎಲ್ಲಿಗೆ ಮುಟ್ಟೀತು ನೋಡಿ: 2023ರ ಜೂನ್ 2ರಂದು ಒಡಿಶಾದ ಬಾಲಸೋರ್ ಹತ್ತಿರ ಬಾಹಾನಗಾ ಬಜಾರಿನಲ್ಲಿ ಮೂರು ಗಾಡಿ ಸಿಕ್ಕಿಹಾಕಿಕೊಂಡು 290ಕ್ಕೂ ಹೆಚ್ಚು ಮಂದಿ ಸತ್ತರಲ್ಲ, ಅವುಗಳಲ್ಲಿ ಒಂದು ಬೆಂಗಳೂರಿನಿಂದ ಹೌರಾಕ್ಕೆ ಹೊರಟದ್ದು. ಒಂದು ಗೇಟಿನ ಹತ್ತಿರ ಸಿಗ್ನಲ್ ವೈರಿನ ಜೋಡಣೆ ತಪ್ಪಿದ್ದೇ ಅದರ ಮೂಲ ಎಂದು ವಿಚಾರಣೆಯಲ್ಲಿ ಹೊರಬಂತು. ಗೇಟು, ಸಿಗ್ನಲ್ಲು, ಗಾಡಿ ಮೂರೂ ಒಂದೇ ಸರಪಳಿ ಎಂಬುದು ಅಲ್ಲಿ ಎಲ್ಲರಿಗೂ ಗೊತ್ತಾಯಿತು.

• ಟ್ರ್ಯಾಕ್ಟರ್ ಹಳಿ ಮೇಲೆ ಬಂದ್ ಬಿದ್ದರೆ ಮೊದಲು ಜನರನ್ನು ಇಳಿಸಿ. ಹಂಗಾಮಿನಲ್ಲಿ ಒಂದು ಟ್ರ್ಯಾಲಿಯಲ್ಲಿ ಇಪ್ಪತ್ತು ಇಪ್ಪತ್ತೈದು ಹೆಣ್ಣುಮಕ್ಕಳು ಹತ್ತಿ ಬಿಡಿಸಲು, ಕಡಲೆ ಕೀಳಲು ಹೋಗುತ್ತಿರುತ್ತಾರೆ. ಎಂಜಿನ್ನು ಕೈಕೊಟ್ಟಿತೆಂದು ಮತ್ತೆ ಮತ್ತೆ ಕೀಲಿ ತಿರುಗಿಸುತ್ತ ಕೂರಬೇಡಿ. ಎಲ್ಲರನ್ನೂ ಇಳಿಸಿ ಹಳಿಯಿಂದ ದೂರ ಕಳಿಸಿ. ಒಬ್ಬ ಗೇಟ್‌ಮನ್ ಬಳಿ ಓಡಲಿ. ಸ್ಟೇಷನ್ ಮಾಸ್ತರರಿಗೆ ಫೋನ್, ಕೆಂಪು ಬಾವುಟ, ಪಟಾಕಿ ಅವನ ಹತ್ತಿರ ಇರುತ್ತವೆ. ಗಾಡಿ ಬರುವ ದಿಕ್ಕಿಗೆ ಹಳಿಯ ಪಕ್ಕದಲ್ಲಿ, ಹಳಿ ಮೇಲಲ್ಲ, ಇನ್ನೊಬ್ಬ ಕೆಂಪು ಬಟ್ಟೆ ಬೀಸುತ್ತ ಓಡಲಿ. ಟ್ರ್ಯಾಕ್ಟರ್ ಹೋದರೆ ಹೋಗಲಿ. ಸಾಲ ಮಾಡಿ ಇನ್ನೊಂದು ತರಬಹುದು.

• ಇನ್ನು ತಲೆ ಮೇಲಿನ ತಂತಿಯ ಮಾತು. ಇದನ್ನು ಸ್ವಲ್ಪ ಉದ್ದವಾಗಿಯೇ ಹೇಳಬೇಕು, ಯಾಕೆಂದರೆ ನಮ್ಮ ತಲೆಮಾರಿಗೂ ಇದು ಹೊಸದು. ಆ ತಂತಿಯಲ್ಲಿ ಹರಿಯುವುದು 25,000 ವೋಲ್ಟ್. ಮನೆಯ ಕರೆಂಟು 230. ಹೊಲದ ಪಂಪ್‌ಸೆಟ್ಟಿಗೆ ಬರುವ ಮೂರು ಫೇಜಿನ ಕರೆಂಟೂ 400ರ ಆಸುಪಾಸು. 25,000 ವೋಲ್ಟಿನ ತಂತಿಯನ್ನು ಮುಟ್ಟಲೇಬೇಕೆಂದಿಲ್ಲ, ಹತ್ತಿರ ಹೋದರೇ ಅದು ಗಾಳಿಯಲ್ಲಿ ಜಿಗಿದು ಮೈಗೆ ಬಡಿಯುತ್ತದೆ. ಗಾಡಿ ಇಲ್ಲದಾಗ ಕರೆಂಟೂ ಇರುವುದಿಲ್ಲ ಎಂದು ಕೆಲವರು ತಿಳಿದಿದ್ದಾರೆ. ಅದು ಪೂರಾ ಸುಳ್ಳು. ಹಗಲಿರುಳೂ ಇರುತ್ತದೆ ಎಂದೇ ತಿಳಿದು ನಡೆಯಿರಿ. ಜೋಳದ ಕಣಿಕೆ, ಕಡಲೆ ಹೊಟ್ಟು, ಹತ್ತಿ ಅಂಡಿಗೆ ಹೇರುವಾಗ ಎಷ್ಟು ಎತ್ತರ ಹೇರಿದರೆ ಅಷ್ಟು ಹೆಚ್ಚುಗಾರಿಕೆ ಅನ್ನುವ ಚಟ ನಮ್ಮ ಕಡೆ ಇದೆ. ಗೇಟಿನ ಎರಡೂ ಕಡೆ ರಸ್ತೆಗೆ ಅಡ್ಡಲಾಗಿ ಕಬ್ಬಿಣದ ಕಮಾನು ನಿಲ್ಲಿಸಿ ಎತ್ತರದ ಅಂಕಿ ಬರೆದಿರುತ್ತಾರೆ. ಹೇರು ಅದಕ್ಕೆ ತಾಗುವಂತಿದ್ದರೆ ಅಲ್ಲೇ ನಿಲ್ಲಿಸಿ ಇಳಿಸಿ, ಎರಡು ಖೇಪು ಮಾಡಿ. ಹೇರಿನ ಮೇಲೆ ಕುಳಿತ ಆಳನ್ನು ಕಮಾನಿನ ಮುಂಚೆಯೇ ಕೆಳಗಿಳಿಸಿ. ಕಮಾನು ಹೇರಿನ ಎತ್ತರವನ್ನಷ್ಟೇ ಅಳೆಯುತ್ತದೆ, ಅದರ ಮೇಲೆ ಎದ್ದು ನಿಂತವನ ಎತ್ತರವನ್ನಲ್ಲ. ಬೋರಿನ ಪೈಪು, ಸ್ಪ್ರಿಂಕ್ಲರ್ ಪೈಪು, ಉದ್ದನೆಯ ಗಳ ಇವನ್ನು ಹೆಗಲ ಮೇಲೆ ನೆಟ್ಟಗೆ ಎತ್ತಿ ಹಿಡಿದು ದಾಟಬೇಡಿ, ಅಡ್ಡ ಹಿಡಿದು ತಗ್ಗಿಸಿಕೊಂಡು ಹೋಗಿ. ಗಾಳಿ ಮಳೆಗೆ ತಂತಿ ಹರಿದು ಬಿದ್ದಿದ್ದರೆ ದನಕರು, ಮಕ್ಕಳು ಯಾರನ್ನೂ ಹತ್ತಿರ ಬಿಡಬೇಡಿ. ರೈಲ್ವೆಯವರು ಬಂದು ಕರೆಂಟು ಬಂದ್ ಮಾಡಿದ್ದೇವೆ ಎಂದು ಹೇಳುವ ತನಕ ಅದರಲ್ಲಿ ಜೀವ ಇದೆ ಎಂದೇ ತಿಳಿಯಿರಿ.

• ನಿಂತ ಗೂಡ್ಸ್ ಡಬ್ಬಿ ಹತ್ತಿ ಫೋಟೋ ತೆಗೆಸಿಕೊಳ್ಳುವ ಹುಚ್ಚು ಹುಡುಗರಿಗೆ ಬಂದಿದೆ. ಡಬ್ಬಿಯ ಮೇಲೆ ನಿಂತವನ ತಲೆಗೂ ತಂತಿಗೂ ನಡುವೆ ಏನೂ ಉಳಿಯುವುದಿಲ್ಲ. ತಾಯಂದಿರೇ, ರಜೆಯಲ್ಲಿ ಮಕ್ಕಳು ಸ್ಟೇಷನ್ ಕಡೆ ಹೊರಟರೆ ಎಲ್ಲಿಗೆ, ಯಾರ ಜೊತೆ ಎಂದು ಕೇಳಿ. ಗಾಳಿಪಟದ ದಾರ ತಂತಿಗೆ ಸಿಕ್ಕರೆ ಅದು ಹೋದದ್ದೇ ಎಂದು ಬಿಟ್ಟುಬಿಡಲಿ.

• ಕುರಿ ದನ ಕಾಯುವವರಿಗೆ: ಹಳಿ ದಂಡೆಯ ಹುಲ್ಲು ಹಸಿರಾಗಿರುತ್ತದೆ, ನಿಜ. ಬೇಸಿಗೆಯಲ್ಲಿ ಎರೆ ನೆಲ ಬಾಯಿ ಬಿಟ್ಟಾಗ ಅದೊಂದೇ ಹಸಿರು. ಆದರೂ ಹಿಂಡನ್ನು ಎರಡು ಹಳಿಗಳ ನಡುವೆ ಇಳಿಸಬೇಡಿ. ಹಾರ್ನ್ ಕೇಳಿದರೆ ಕುರಿಗಳು ಚದುರುವುದಿಲ್ಲ, ಒಂದರ ಹಿಂದೆ ಒಂದು ಹಳಿಯ ಮೇಲೇ ಓಡುತ್ತವೆ. ಅವನ್ನು ಹೊರಳಿಸಲು ಹೋದವನೇ ಸಿಕ್ಕಿಬೀಳುತ್ತಾನೆ. ಒಂದು ಎಮ್ಮೆ ಗಾಲಿಗೆ ಸಿಕ್ಕರೆ ಗಾಡಿಯೇ ಹಳಿ ತಪ್ಪುವ ಅಪಾಯವೂ ಉಂಟು. ಹಿಂಡು ಹಳಿಗೆ ಬಿತ್ತು, ಗಾಡಿ ಬಂತು ಎಂದಾದರೆ ಕುರಿಯ ಆಸೆ ಬಿಟ್ಟು ನೀವು ಈಚೆಗೆ ಬನ್ನಿ.

• ಓಡುವ ಗಾಡಿ ಹತ್ತುವುದು, ಬಾಗಿಲಲ್ಲಿ ಜೋತುಬೀಳುವುದು: ಹುಬ್ಬಳ್ಳಿ, ಗದಗಿನ ಕಾಲೇಜಿಗೆ ಹೋಗುವ ಹುಡುಗ ಹುಡುಗಿಯರಿಗೆ ಈ ಮಾತು. ನಮ್ಮೂರು ಹುಬ್ಬಳ್ಳಿ–ಗದಗ ಹೆದ್ದಾರಿಯ ಮೇಲೇ ಇದೆ. ಗಾಡಿ ತಪ್ಪಿದರೆ ವಾಯವ್ಯ ಸಾರಿಗೆಯ ಬಸ್ಸು ಬರುತ್ತದೆ, ಮೊದಲ ಪಿರಿಯಡ್ ತಪ್ಪೀತು ಅಷ್ಟೇ. ಗಾಡಿಗೂ ಪ್ಲಾಟ್‌ಫಾರ್ಮಿಗೂ ನಡುವಿನ ಸಂದಿನಲ್ಲಿ ಕಾಲು ಹೋದರೆ ತಪ್ಪುವುದು ಪಿರಿಯಡ್ ಅಲ್ಲ. ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದಲ್ಲಿ 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಪ್ಲಾಟ್‌ಫಾರ್ಮ್ ಒಂದೂವರೆ ಕಿಲೋಮೀಟರ್ ಉದ್ದ, ಜಗತ್ತಿನಲ್ಲೇ ಅತಿ ಉದ್ದದ್ದು. ಅಲ್ಲಿ ನಿಮ್ಮ ಗಾಡಿ ಎಲ್ಲಿ ನಿಲ್ಲುತ್ತದೆಂದು ಮೊದಲೇ ಕೇಳಿಕೊಳ್ಳಿ. ವಯಸ್ಸಾದವರನ್ನು ಕರೆದೊಯ್ಯುವವರು ಅರ್ಧ ತಾಸು ಮೊದಲೇ ತಲುಪಿ. ಕೊನೆ ಗಳಿಗೆಯಲ್ಲಿ ಓಡುವಾಗಲೇ ಬೀಳುವುದು.

• ನಡುದಾರಿಯಲ್ಲಿ ಗಾಡಿ ನಿಂತರೆ ಇಳಿಯಬೇಡಿ. ಇಳಿಯಲೇಬೇಕಾದ ಅನಾಹುತ ಬಂದರೆ ಇನ್ನೊಂದು ಹಳಿ ಇರುವ ಕಡೆಗೆ ಮಾತ್ರ ಇಳಿಯಬೇಡಿ. 2025ರ ಜನವರಿ 22ರಂದು ಮಹಾರಾಷ್ಟ್ರದ ಜಳಗಾಂವ್ ಜಿಲ್ಲೆಯಲ್ಲಿ ಪುಷ್ಪಕ್ ಎಕ್ಸ್‌ಪ್ರೆಸ್ಸಿನೊಳಗೆ ಬೆಂಕಿ ಬಿತ್ತೆಂದು ಗಾಳಿಸುದ್ದಿ ಹಬ್ಬಿ, ಚೈನ್ ಎಳೆದು ಜನ ಪಕ್ಕದ ಹಳಿಗೆ ಹಾರಿದರು. ಅದೇ ಹೊತ್ತಿಗೆ ಆ ಹಳಿಯಲ್ಲಿ ಬೆಂಗಳೂರಿನಿಂದ ದೆಹಲಿಗೆ ಹೋಗುವ ಕರ್ನಾಟಕ ಎಕ್ಸ್‌ಪ್ರೆಸ್ ಬಂತು. ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ಬೆಂಕಿಯಿಂದ ಒಬ್ಬರೂ ಸಾಯಲಿಲ್ಲ. ಜೋಡಿ ಹಳಿಯ ಊರಿನವರಾದ ನಾವು ಇದನ್ನು ಮರೆಯಬಾರದು. ಹೊಲದ ಹತ್ತಿರ ಇಳಿಯಲು ಅನುಕೂಲವಾಗಲಿ ಎಂದು ಚೈನ್ ಎಳೆಯುವವರಂತೂ ಗಾಡಿಯಲ್ಲಿದ್ದ ಎಲ್ಲರನ್ನೂ ಅಪಾಯಕ್ಕೆ ಒಡ್ಡುತ್ತಾರೆ.

• ಗಾಡಿಯಲ್ಲಿ ಬೆಂಕಿ ಹತ್ತುವ ವಸ್ತು ಒಯ್ಯಬೇಡಿ: ಪಟಾಕಿ, ಸೀಮೆಎಣ್ಣೆ, ಗ್ಯಾಸ್ ಸಿಲಿಂಡರ್ ಯಾವುದೂ ಬೇಡ. 2023ರ ಆಗಸ್ಟಿನಲ್ಲಿ ಮದುರೈಯಲ್ಲಿ ನಿಂತಿದ್ದ ಯಾತ್ರಿಕರ ಬೋಗಿಯಲ್ಲಿ ಅಡುಗೆಯ ಸಿಲಿಂಡರಿನಿಂದ ಬೆಂಕಿ ಎದ್ದು ಒಂಬತ್ತು ಜನ ತೀರಿಕೊಂಡರು. ತೀರ್ಥಯಾತ್ರೆಗೆ ಹೋಗುವ ನಮ್ಮ ಭಜನಾ ಮಂಡಳಿಯವರು ರೊಟ್ಟಿ ಶೇಂಗಾ ಚಟ್ನಿ ಕಟ್ಟಿಕೊಂಡು ಹೋಗಲಿ, ಒಲೆ ಹೊತ್ತು ಹೋಗುವುದು ಬೇಡ. ವಾರಸುದಾರರಿಲ್ಲದ ಚೀಲ ಕಂಡರೆ ಮುಟ್ಟಬೇಡಿ. 2019ರ ಅಕ್ಟೋಬರ್ 21ರಂದು, ನಮ್ಮ ಊರ ಮೇಲಿಂದಲೇ ಹೋಗುವ ಅಮರಾವತಿ ಎಕ್ಸ್‌ಪ್ರೆಸ್ಸಿನಲ್ಲಿ ಸಿಕ್ಕ ವಸ್ತುವೊಂದು ಹುಬ್ಬಳ್ಳಿ ನಿಲ್ದಾಣದಲ್ಲಿ ಸಿಡಿದು, ದುಡಿದು ತಿನ್ನುವ ಒಬ್ಬ ಮನುಷ್ಯ ಗಾಯಗೊಂಡ.

• ರಾತ್ರಿ ಪ್ರಯಾಣದಲ್ಲಿ ಬೋಗಿ ಹತ್ತಿದ ಕೂಡಲೇ ತುರ್ತು ಕಿಟಕಿ ಎಲ್ಲಿದೆ ನೋಡಿಟ್ಟುಕೊಳ್ಳಿ. ಎಸಿ ಇಲ್ಲದ ಬೋಗಿಯಲ್ಲಿ ಅದು ಕೆಂಪು ಬಣ್ಣದ್ದು, ಅದರ ಸರಳು ಮೇಲಕ್ಕೆ ಸರಿಯುತ್ತದೆ. ಬೋಗಿ ನಂಬರು ಮನೆಯವರಿಗೆ ತಿಳಿಸಿ. 2012ರ ಮೇ 21ರ ಸಂಜೆ ಹುಬ್ಬಳ್ಳಿ ಬಿಟ್ಟು ನಮ್ಮ ಊರು, ಗದಗ, ಹೊಸಪೇಟೆ ದಾಟಿ ಹೋದ ಹಂಪಿ ಎಕ್ಸ್‌ಪ್ರೆಸ್ ಮಾರನೆಯ ನಸುಕಿನಲ್ಲಿ ಆಂಧ್ರದ ಪೆನುಕೊಂಡದಲ್ಲಿ ಕೆಂಪು ಸಿಗ್ನಲ್ ದಾಟಿ ನಿಂತ ಗೂಡ್ಸಿಗೆ ಬಡಿಯಿತು. ಬೋಗಿಗೆ ಬೆಂಕಿ ಹತ್ತಿತು, 25 ಜನ ಹೋದರು. ಬೆಂಗಳೂರಿಗೆ ದುಡಿಯಲು ಹೋಗುವ ಈ ಭಾಗದ ಬಡವರ ಗಾಡಿ ಅದು. ಯಾರ ಮನೆಯವರು ಯಾವ ಬೋಗಿಯಲ್ಲಿದ್ದರೆಂದು ತಿಳಿಯದೆ ಜನ ಪಟ್ಟ ಪಾಡು ಯಾರಿಗೂ ಬೇಡ. ಡ್ರೈವರ್ ಕೆಂಪು ಸಿಗ್ನಲ್ ದಾಟಿದರೆ ತಾನೇ ಬ್ರೇಕ್ ಹಾಕುವ ‘ಕವಚ್’ ಎಂಬ ವ್ಯವಸ್ಥೆಯನ್ನು ಈಗ ಒಂದೊಂದೇ ಮಾರ್ಗದಲ್ಲಿ ಅಳವಡಿಸುತ್ತಿದ್ದಾರೆ. ಎಲ್ಲ ಕಡೆ ಬೇಗ ಬರಲಿ. ಆದರೆ ಅದು ಗಾಡಿಯನ್ನು ಗಾಡಿಯಿಂದ ಕಾಯುತ್ತದೆ. ಹಳಿ ಮೇಲೆ ನಡೆಯುವವನನ್ನು ಕಾಯುವುದಿಲ್ಲ.

• ಹಳಿಯ ಮೇಲೆ ಕಲ್ಲು, ನಾಣ್ಯ, ಮೊಳೆ ಇಡುವುದು, ಗಾಡಿಗೆ ಕಲ್ಲು ಬೀಸುವುದು ಆಟವಲ್ಲ. ಧಾರವಾಡ–ಬೆಂಗಳೂರು ವಂದೇ ಭಾರತ್ 2023ರ ಜೂನ್ ಕೊನೆಗೆ ಶುರುವಾಗಿ ಕೆಲವೇ ದಿನಗಳಲ್ಲಿ ಅದಕ್ಕೆ ಕಲ್ಲು ಬಿತ್ತು. ಮಾಸ್ತರರು ಶಾಲೆಯಲ್ಲಿ ಇದನ್ನು ವರ್ಷಕ್ಕೊಮ್ಮೆಯಾದರೂ ಹೇಳಬೇಕು.

• ಮಳೆಗಾಲದಲ್ಲಿ ಹಳಿ ಕೆಳಗಿನ ಅಂಡರ್‌ಪಾಸಿನಲ್ಲಿ ನೀರು ನಿಂತರೆ ಇಳಿಯಬೇಡಿ. ಎರೆ ನೀರಿನಲ್ಲಿ ಆಳ ಕಾಣುವುದಿಲ್ಲ. ಹಾಗೆಂದು ಹಳ್ಳ ಬಂದಾಗ ರೈಲಿನ ಬ್ರಿಜ್ ಮೇಲೆ ನಡೆದು ದಾಟುವುದೂ ಬೇಡ. ನಡುವೆ ಗಾಡಿ ಬಂದರೆ ಸರಿಯಲು ಜಾಗವೇ ಇರುವುದಿಲ್ಲ.

• ಹಳಿ ಬಿರುಕು ಬಿಟ್ಟದ್ದು, ಖಡಿ ಕೊಚ್ಚಿಹೋದದ್ದು, ದಿಬ್ಬ ಕುಸಿದದ್ದು ಕಂಡರೆ ಸುಮ್ಮನೆ ಹೋಗಬೇಡಿ. ನಮ್ಮ ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ಹೊಲದಲ್ಲಿ ಇರುವವನ ಕಣ್ಣಿಗೇ ಅದು ಮೊದಲು ಬೀಳುವುದು. 139ಕ್ಕೆ ಫೋನ್ ಮಾಡಿ, ಇಲ್ಲವೇ ಹತ್ತಿರದ ಗೇಟಿಗೋ ಸ್ಟೇಷನ್ನಿಗೋ ತಿಳಿಸಿ. ಎಲ್ಲಿ ಎಂದು ಕೇಳಿದರೆ ‘ಬೇವಿನ ಮರದ ಹತ್ರ’ ಅಂದರೆ ಅವರಿಗೆ ತಿಳಿಯದು. ಕರೆಂಟಿನ ಪ್ರತಿ ಕಂಬಕ್ಕೂ ಒಂದು ಸಣ್ಣ ಫಲಕ ಇದೆ, ಮೇಲೊಂದು ಅಂಕಿ, ಕೆಳಗೊಂದು ಅಂಕಿ. ಮೇಲಿನದು ಕಿಲೋಮೀಟರ್, ಕೆಳಗಿನದು ಕಂಬದ ನಂಬರು. ದೂರದಿಂದಲೇ ಅವೆರಡನ್ನೂ ಓದಿ ಹೇಳಿದರೆ ನೇರ ಅಲ್ಲಿಗೇ ಬರುತ್ತಾರೆ. ನಿಮ್ಮ ಹೊಲದ ಹತ್ತಿರದ ಕಂಬದ ಅಂಕಿ ಈಗಲೇ ಬರೆದಿಟ್ಟುಕೊಳ್ಳಿ.

• ಸಂಜೆ ಹಳಿ ಮೇಲೆ ಕುಳಿತು ಕುಡಿಯುವವರಿಗೆ ನಾನು ಹೇಳುವುದು ಒಂದೇ: ಎದ್ದು ಮನೆಗೆ ಹೋಗಿ. ಆದರೆ ಒಬ್ಬಂಟಿಯಾಗಿ, ಮಾತಿಲ್ಲದೆ ಹಳಿ ಕಡೆ ಹೊರಟವರನ್ನು ಕಂಡರೆ ದಾರಿ ಬಿಟ್ಟು ಹೋಗಬೇಡಿ. ಬೆಳೆ ಹೋದ ವರ್ಷ, ಸಾಲಗಾರರು ಬಾಗಿಲಿಗೆ ಬಂದ ತಿಂಗಳು, ಪರೀಕ್ಷೆಯ ಫಲಿತಾಂಶ ಬಂದ ದಿನ ನಮ್ಮ ಓಣಿಗಳಲ್ಲಿ ಯಾರ ಮನಸ್ಸು ಹೇಗಿರುತ್ತದೋ ಗೊತ್ತಾಗುವುದಿಲ್ಲ. ಹತ್ತಿರ ಹೋಗಿ ‘ಯಾಕೋ ತಮ್ಮಾ, ಯಾಕವ್ವಾ ತಂಗಿ, ಒಬ್ಬಾಕಿನ ಕುಂತೀಯಲ್ಲ, ಬಾ ಚಾ ಕುಡಿಯೂಣು’ ಎಂದು ಕೈಹಿಡಿದು ಕರೆತನ್ನಿ. ಬುದ್ಧಿ ಹೇಳಲು ಹೋಗಬೇಡಿ, ಜೊತೆಗೆ ಕೂತುಕೊಳ್ಳಿ, ಮನೆಯವರನ್ನು ಕರೆಸಿ. ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ ಇದೆ, ನಂಬರು 14416. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

• ಟಿಕೀಟು ತೆಗೆದುಕೊಂಡೇ ಹತ್ತಿ, ಇಳಿಯುವ ತನಕ ಜೋಪಾನವಾಗಿಡಿ. ಅಪಘಾತದಲ್ಲಿ, ಅಥವಾ ಗಾಡಿಯಿಂದ ಬಿದ್ದು ಪ್ರಯಾಣಿಕ ಸತ್ತರೆ ಮನೆಯವರಿಗೆ 8 ಲಕ್ಷ ರೂಪಾಯಿ ಪರಿಹಾರ ಇದೆ. ಬೆಂಗಳೂರಿನ ರೈಲ್ವೆ ಕ್ಲೇಮ್ಸ್ ಟ್ರಿಬ್ಯೂನಲ್ಲಿಗೆ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಹಳಿ ದಾಟುವಾಗ ಸಿಕ್ಕವನಿಗೆ ಈ ಪರಿಹಾರ ಇಲ್ಲ. ಅದು ಅತಿಕ್ರಮ ಪ್ರವೇಶ, ಬದುಕಿದ್ದರೆ ಅವನ ಮೇಲೆಯೇ ಕೇಸು: ಆರು ತಿಂಗಳವರೆಗೆ ಜೈಲು, ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

• ಕೊನೆಯದು ಊರಿನ ಹಿರಿಯರಿಗೆ, ಪುರಸಭೆ ಸದಸ್ಯರಿಗೆ, ಹಳಿಯಾಚೆ ಹೊಲ ಇರುವ ರೈತರಿಗೆ. ‘ದಾಟಬೇಡಿ’ ಎಂದಷ್ಟೇ ಹೇಳಿದರೆ ಸಾಲದು, ದಾಟಲು ದಾರಿ ಬೇಕು. ತಲೆಮಾರುಗಳಿಂದ ಜನ ದಾಟುವ ಜಾಗಗಳು ಯಾವುವೆಂದು ನಮಗೆ ಗೊತ್ತು, ರೈಲ್ವೆಯವರಿಗೆ ಗೊತ್ತಿರಲಿಕ್ಕಿಲ್ಲ. ನೈಋತ್ಯ ರೈಲ್ವೆಯ ಮುಖ್ಯ ಕಚೇರಿ ರೈಲ್ ಸೌಧ ಹುಬ್ಬಳ್ಳಿಯ ಗದಗ ರಸ್ತೆಯಲ್ಲೇ ಇದೆ, ನಮ್ಮ ಊರ ಮುಂದಿನ ರಸ್ತೆಯೇ ಅಲ್ಲಿಗೆ ಹೋಗುತ್ತದೆ. ವಿಭಾಗೀಯ ವ್ಯವಸ್ಥಾಪಕರ ಕಚೇರಿಯೂ ಹುಬ್ಬಳ್ಳಿಯಲ್ಲೇ. ಅರ್ಜಿಯಲ್ಲಿ ಇಷ್ಟು ಇರಲಿ: ದಾಟುವ ಜಾಗದ ಕಂಬದ ಅಂಕಿ, ಆಚೆ ಎಷ್ಟು ಎಕರೆ ಹೊಲ, ಎಷ್ಟು ಮನೆತನ, ಹಂಗಾಮಿನಲ್ಲಿ ದಿನಕ್ಕೆ ಎಷ್ಟು ಜನ ದಾಟುತ್ತಾರೆ, ಹತ್ತಿರದ ಗೇಟೋ ಅಂಡರ್‌ಪಾಸೋ ಎಷ್ಟು ದೂರ, ಮಳೆಗಾಲದಲ್ಲಿ ಅಲ್ಲಿ ಎಷ್ಟು ದಿನ ನೀರು ನಿಲ್ಲುತ್ತದೆ. ಎಲ್ಲರ ಸಹಿ ಹಾಕಿಸಿ, ಒಂದು ಪ್ರತಿ ಶಾಸಕರಿಗೆ, ಒಂದು ಸಂಸದರಿಗೆ ಕೊಟ್ಟು, ಸ್ವೀಕೃತಿ ಪಡೆದು ಇಟ್ಟುಕೊಳ್ಳಿ. ಉತ್ತರ ಬಾರದಿದ್ದರೆ ಮತ್ತೆ ಬರೆಯಿರಿ. ಹತ್ತಿ ಬಿಡಿಸುವ ಹಂಗಾಮು ಶುರುವಾಗುವ ಮೊದಲೇ ಈ ಕೆಲಸ ಆಗಲಿ.